ಧಾರೆ ಸೀರೆ ಉಟ್ಟು, ಕೂತು ನೋಡಿ, ಆಮೇಲೆ ದುಡ್ಡು ಕಟ್ಟಿ

ಪ್ರಶ್ನೆ: ಅಕ್ಕ, ನಮಸ್ಕಾರ. ನಮ್ಮೂರು ತುಮಕೂರಿನ ಹತ್ತಿರ. ಫೆಬ್ರವರಿ ಎರಡನೇ ವಾರ ನನ್ನ ಮದುವೆ. ಹೋದ ವಾರ ಜವಳಿ ತೆಗೆಯಲು ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿದ್ದೆವು. ಎರಡೂ ಮನೆಯವರು ಸೇರಿ ಹನ್ನೊಂದು ಜನ. ಮೂರು ಗಂಟೆಯಲ್ಲಿ ಎಷ್ಟು ಸೀರೆ ಬಿಚ್ಚಿಸಿದೆವೋ ಲೆಕ್ಕವಿಲ್ಲ. ನಮ್ಮ ಮನೆಯಲ್ಲಿ ಧಾರೆಗೆ ಕೆಂಪು ಅಂಚಿನ ಬಿಳಿ ಸೀರೆ ಉಡುವುದು ವಾಡಿಕೆ. ಆದರೆ ನಮ್ಮ ಅತ್ತೆಯಾಗುವವರಿಗೆ ಮರೂನ್ ಬಣ್ಣದ, ದೊಡ್ಡ ಅಂಚಿನ ಒಂದು ಸೀರೆ ತುಂಬ ಇಷ್ಟವಾಯಿತು. ಬಿಳಿ ಸೀರೆ ಫೋಟೋದಲ್ಲಿ ಮಂಕಾಗುತ್ತೆ ಅಂದರು. ಎಲ್ಲರೂ ಹೌದು ಹೌದು ಅಂದರು. ಬೆಲೆ 42,000 ರೂಪಾಯಿ. 5,000 ಮುಂಗಡ ಕೊಟ್ಟು ಎತ್ತಿಡಿಸಿದ್ದೇವೆ. ನಾನು ಐದಡಿ ಎತ್ತರ, ತೆಳ್ಳಗಿದ್ದೇನೆ. ಕನ್ನಡಿಯಲ್ಲಿ ಸೀರೆ ಮಾತ್ರ ಕಾಣುತ್ತಿತ್ತು, ನಾನು ಕಾಣಲೇ ಇಲ್ಲ. ಮನೆಗೆ ಬಂದ ಮೇಲೆ ಅಳು ಬಂತು. ಇಷ್ಟವಿಲ್ಲ ಅಂತ ಹೇಳಲು ಬಾಯಿ ಬರುತ್ತಿಲ್ಲ. ಅದು ಅಪ್ಪಟ ರೇಷ್ಮೆ, ಅಪ್ಪಟ ಜರಿ ಹೌದೋ ಅಲ್ಲವೋ ತಿಳಿಯುವುದು ಹೇಗೆ ಅಂತಲೂ ಗೊತ್ತಿಲ್ಲ. 1995ರಲ್ಲಿ ಅಮ್ಮ ಉಟ್ಟ ಧಾರೆ ಸೀರೆ ಬೀರುವಿನಲ್ಲಿದೆ. ಅದನ್ನೇ ಉಟ್ಟರೆ ಹೇಗೆ ಅಂತ ಒಂದು ಆಸೆ. ಏನು ಮಾಡಲಿ?

ಉತ್ತರ: ಅಕ್ಕ ಅಂತ ಕರೆದಿದ್ದೀರಿ, ಅಕ್ಕನ ಹಾಗೇ ಹೇಳುತ್ತೇನೆ. ಉಳಿದ ದುಡ್ಡು ಈಗಲೇ ಕಟ್ಟಬೇಡಿ. ಆ ಸೀರೆ ಬೇಡ ಅಂತಲೂ ಈಗಲೇ ಹೇಳಬೇಡಿ. ವಾರದ ನಡುವೆ ಒಂದು ದಿನ, ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ, ಅಮ್ಮ ಮತ್ತು ನೀವು ಇಬ್ಬರೇ ಹೋಗಿ. ಆ ಸೀರೆಯನ್ನು ಪೂರ್ತಿ ಉಡಿ. ಉಟ್ಟು ಹತ್ತು ನಿಮಿಷ ನೆಲದ ಮೇಲೆ ಕೂತು ನೋಡಿ. ಉಳಿದ ಮಾತೆಲ್ಲ ಅದಾದ ಮೇಲೆ.

ನಾನು ಹದಿನಾಲ್ಕು ವರ್ಷ ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ ಮಾಡಿದೆ. ಈಗ ಹತ್ತು ವರ್ಷದಿಂದ ಮದುವೆ ಹೆಣ್ಣುಮಕ್ಕಳಿಗೆ ಸೀರೆ ಉಡಿಸುತ್ತೇನೆ. ಅಂಗಡಿಯಲ್ಲಿ ಮಾರಿದ ಸೀರೆ ಮಂಟಪದಲ್ಲಿ ಏನಾಗುತ್ತದೆ ಅಂತ ನನಗೆ ತಿಳಿದದ್ದು ಉಡಿಸಲು ಶುರು ಮಾಡಿದ ಮೇಲೇ. ಮೊದಲೇ ಗೊತ್ತಿದ್ದರೆ ಎಷ್ಟೋ ಹುಡುಗಿಯರಿಗೆ ಬೇರೆ ಸೀರೆ ತೋರಿಸುತ್ತಿದ್ದೆ.

ಅಂಗಡಿಯಲ್ಲಿ ಹೇಗೆ ತೋರಿಸುತ್ತಾರೆ ನೆನಪಿಸಿಕೊಳ್ಳಿ. ನೀವು ಚೂಡಿದಾರ್ ಹಾಕಿಕೊಂಡು ಹೋಗಿರುತ್ತೀರಿ. ಅದರ ಮೇಲೇ ಸೊಂಟಕ್ಕೆ ನಾಲ್ಕು ನೆರಿಗೆ ಸಿಕ್ಕಿಸಿ, ಸೆರಗನ್ನು ಪೂರ್ತಿ ಅಗಲಕ್ಕೆ ಹರಡಿ ಹೆಗಲ ಮೇಲೆ ಹಾಕುತ್ತಾರೆ. ಸೆರಗು ಹರಡಿದರೆ ಜರಿ ಎಲ್ಲ ಒಮ್ಮೆಗೇ ಹೊಳೆಯುತ್ತದೆ, ನೋಡುವವರು ಹೂಂ ಅನ್ನುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ, ಹಾಗೆ ಮಾಡಿದರೇ ಸೀರೆ ಮಾರಾಟವಾಗುತ್ತದೆ. ಆದರೆ ಮದುವೆಯ ದಿನ ಯಾರೂ ಸೆರಗನ್ನು ಹಾಗೆ ಹರಡಿಕೊಂಡು ನಿಲ್ಲುವುದಿಲ್ಲ. ಅದು ಮಡಿಕೆಯಾಗಿ ಎಡ ಹೆಗಲ ಮೇಲೆ ಕೂರುತ್ತದೆ, ಅದರ ಮೇಲೆ ಹಾರ ಬರುತ್ತದೆ. ಆಗ ಕಾಣುವುದು ಒಡಲಿನ ಬಣ್ಣ, ನೆರಿಗೆ ಬೀಳುವ ರೀತಿ, ಕಾಲ ಹತ್ತಿರದ ಅಂಚು, ಮತ್ತೆ ನಿಮ್ಮ ಮುಖ. ಹಾಗಾಗಿ ಅಂಗಡಿಗೆ ಹೋಗುವಾಗ ಮೈಗೆ ಸರಿಯಾಗುವ ಒಂದು ಬ್ಲೌಸ್ ಮತ್ತು ಒಳಲಂಗ ಹಾಕಿಕೊಂಡು, ಮೇಲೆ ಸಾದಾ ಸೀರೆ ಉಟ್ಟುಕೊಂಡು ಹೋಗಿ. ಅಂಗಡಿಯ ಹೆಂಗಸರಿಗೆ ಹೇಳಿದರೆ ಬದಲಾಯಿಸುವ ಕೋಣೆ ತೋರಿಸುತ್ತಾರೆ. ಅವರ ದೃಷ್ಟಿಯಲ್ಲಿ ನೀವು 42,000 ರೂಪಾಯಿ ಕೊಡುವವರು. ಪೂರ್ತಿ ಉಟ್ಟು ನೋಡುತ್ತೇನೆ ಅಂದರೆ ಒಳ್ಳೆ ಅಂಗಡಿಯವರು ಬೇಡ ಅನ್ನುವುದಿಲ್ಲ.

ಉಟ್ಟ ಮೇಲೆ ಮದುವೆಯಲ್ಲಿ ಏನೇನು ಮಾಡುತ್ತೀರೋ ಅದನ್ನೆಲ್ಲ ಅಲ್ಲೇ ಮಾಡಿ ನೋಡಿ. ಹಸೆಮಣೆ ಮೇಲೆ ಕೂರುವ ಹಾಗೆ ಕಾಲು ಮಡಚಿ ಕೂರಿ. ಕೈ ಊರದೆ ಏಳಿ. ಅಂತರಪಟ ಸರಿಸಿದ ಮೇಲೆ ಜೀರಿಗೆ ಬೆಲ್ಲ ಹಾಕಲು, ಹಾರ ಹಾಕಲು ಕೈ ಎತ್ತಬೇಕಲ್ಲ, ಎರಡೂ ಕೈ ಎತ್ತಿ. ಸೆರಗು ಎಳೆಯುತ್ತದಾ ನೋಡಿ. ದೊಡ್ಡವರ ಕಾಲಿಗೆ ಬೀಳುವ ಹಾಗೆ ಬಗ್ಗಿ. ಸಪ್ತಪದಿಯ ಹಾಗೆ ಏಳು ಹೆಜ್ಜೆ ನಡೆಯಿರಿ, ಬಲಗಾಲನ್ನು ಒಂದು ಮೆಟ್ಟಿಲ ಮೇಲೆ ಇಡಿ. ಕಲ್ಲು ಮೆಟ್ಟಿಸುವಾಗ, ಕಾಲುಂಗುರ ಹಾಕುವಾಗ ಹಾಗೆ ಇಡಬೇಕಾಗುತ್ತದೆ. ಗೌರಿ ಪೂಜೆಯಿಂದ ಹಿಡಿದು ಅರುಂಧತಿ ನಕ್ಷತ್ರ ತೋರಿಸುವವರೆಗೆ ಐದಾರು ಗಂಟೆ ಈ ಸೀರೆ ನಿಮ್ಮ ಮೈಮೇಲಿರುತ್ತದೆ. ಅಷ್ಟು ಹೊತ್ತು ಹೋಮದ ಬಿಸಿ, ವಿಡಿಯೋ ಲೈಟಿನ ಬಿಸಿ, ಹೂವಿನ ಭಾರ. ಅಂಗಡಿಯಲ್ಲಿ ಹತ್ತು ನಿಮಿಷಕ್ಕೇ ಉಸಿರು ಕಟ್ಟಿದ ಹಾಗಾದರೆ ಅಲ್ಲಿ ಏನಾಗಬೇಡ?

ಒಂದು ಮದುವೆ ನೆನಪಾಗುತ್ತದೆ. ಹುಡುಗಿ ನಿಮ್ಮಷ್ಟೇ ಎತ್ತರ. ಸೀರೆ ಒಂದು ಕಿಲೋಗೂ ಜಾಸ್ತಿ. ಅದರ ಮೇಲೆ ಡಾಬು, ಮೊಗ್ಗಿನ ಜಡೆ, ಎರಡು ಹಾರ. ಹಸೆಮಣೆಯಿಂದ ಏಳುವಾಗ ಕಾಲಡಿ ಸಿಕ್ಕಿ ಇಡೀ ನೆರಿಗೆ ಕೆಳಗೆ ಬಂತು. ನಾನು ಮತ್ತು ಅವಳ ಚಿಕ್ಕಮ್ಮ ಶಾಲು ಅಡ್ಡ ಹಿಡಿದು ಅಲ್ಲೇ ಸರಿ ಮಾಡಿದೆವು. ಎರಡು ನಿಮಿಷದ ಕೆಲಸ. ಆದರೆ ಆಮೇಲೆ ಊಟಕ್ಕೆ ಕೂರುವವರೆಗೂ ಅವಳ ಎಡಗೈ ಸೊಂಟದ ಮೇಲೇ ಇತ್ತು. ಫೋಟೋಗಳಲ್ಲೂ ಹಾಗೇ ಬಂದಿದೆ. ಅಂದಿನಿಂದ ನಾನು ಯಾರು ಕೇಳಿದರೂ ಮೊದಲು ಹೇಳುವುದು ತೂಕದ ಮಾತು. ಅಂಗಡಿಯಲ್ಲಿ ತೂಕ ಮಾಡಿಸಲು ಹಿಂಜರಿಯಬೇಡಿ. ನಿಮ್ಮ ಮೈಕಟ್ಟಿಗೆ 600, 700 ಗ್ರಾಂ ಒಳಗಿನ ಸೀರೆ ಆರಾಮ. 900 ದಾಟಿದರೆ ಬೇರೆ ನೋಡಿ ಅನ್ನುತ್ತೇನೆ.

ಇನ್ನು ಕನ್ನಡಿಯಲ್ಲಿ ನೀವು ಕಾಣಲಿಲ್ಲ ಅಂದಿರಿ. ಅದು ನಿಮ್ಮ ಭ್ರಮೆ ಅಲ್ಲ. ಐದಡಿ ಎತ್ತರದವರಿಗೆ ಸೊಂಟದಿಂದ ನೆಲದವರೆಗೆ ಹೆಚ್ಚೆಂದರೆ 38 ಇಂಚು. ಅದರಲ್ಲಿ 12 ಇಂಚಿನ ಅಂಚು ಬಂದರೆ ಮೂರನೇ ಒಂದು ಭಾಗ ಅಂಚೇ ಆಯಿತು. ಎರಡೂ ಕಡೆ ದೊಡ್ಡ ಅಂಚು ಇದ್ದರೆ ಮೇಲಿನದು ಎದೆಯ ಮೇಲೆ ಬಂದು ಕೂರುತ್ತದೆ. ಒಡಲಿನ ಬಣ್ಣಕ್ಕೆ ಜಾಗವೇ ಉಳಿಯುವುದಿಲ್ಲ. ನಿಮಗೆ 4ರಿಂದ 5 ಇಂಚಿನ ಅಂಚು ಚೆನ್ನಾಗಿ ಒಪ್ಪುತ್ತದೆ. ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಸಣ್ಣದು ಇರುವ ಸೀರೆಯೂ ಆಗಬಹುದು. ಒಡಲ ತುಂಬ ಜರಿ ನೇಯ್ದ ಸೀರೆ ಮಾತ್ರ ಬೇಡ. ಅದು ರಟ್ಟಿನ ಹಾಗೆ ಬಿರುಸಾಗಿರುತ್ತದೆ, ನೆರಿಗೆ ಕೂರದೆ ಉಬ್ಬುತ್ತದೆ. ಅಲ್ಲಲ್ಲಿ ಸಣ್ಣ ಬುಟ್ಟಾ ಇದ್ದರೆ ಸಾಕು.

ಈಗ ಬಿಳಿ ಸೀರೆಯ ವಿಷಯ. ನಿಮ್ಮ ಮನೆಯ ವಾಡಿಕೆ ನನಗೆ ತುಂಬ ಇಷ್ಟ. ನಾನು ಉಡಿಸಿದ ಸೀರೆಗಳಲ್ಲಿ, ಬೆಳಗಿನ ಮುಹೂರ್ತದಲ್ಲಿ, ಕೆಂಪಂಚಿನ ಬಿಳಿ ಸೀರೆ ಉಟ್ಟ ಹುಡುಗಿಯಷ್ಟು ಲಕ್ಷಣವಾಗಿ ನನಗೆ ಯಾರೂ ಕಂಡಿಲ್ಲ. ಆದರೂ ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಲಾರೆ. ನೀಲಿ ಮಿಶ್ರಿತ ಹಾಲುಬಿಳಿ ಸೀರೆ ಜೋರು ಲೈಟಿನಲ್ಲಿ ಕಣ್ಣು ಕುಕ್ಕುತ್ತದೆ, ಕ್ಯಾಮೆರಾದಲ್ಲಿ ಮುಖ ಕಪ್ಪಾಗಿ ಬರುತ್ತದೆ, ಬುಟ್ಟಾ ಮಾಯವಾಗುತ್ತದೆ. ಅವರು ಅಂಥದ್ದನ್ನು ಎಲ್ಲೋ ನೋಡಿರಬೇಕು. ಅದಕ್ಕೆ ದಾರಿ ಇದೆ. ಬಿಳಿ ಅಂದರೆ ಹಾಲುಬಿಳಿಯೇ ಆಗಬೇಕಿಲ್ಲ. ಕೆನೆ ಬಣ್ಣ ಅಥವಾ ದಂತದ ಬಣ್ಣ ತೆಗೆಯಿರಿ. ಮುಖಕ್ಕೆ ಅದರ ಕಾಂತಿ ಬರುತ್ತದೆ. ಅಂಗಡಿಯೊಳಗಿನ ಲೈಟು ನಂಬಬೇಡಿ. ಸೀರೆಯನ್ನು ಬಾಗಿಲ ಹತ್ತಿರ ಬಿಸಿಲು ಬೆಳಕಿಗೆ ತಂದು, ಗಲ್ಲದ ಕೆಳಗೆ ಹಿಡಿದು, ಅಮ್ಮನ ಫೋನಿನಲ್ಲಿ ಫ್ಲ್ಯಾಶ್ ಇಲ್ಲದೆ ಒಂದು ಫೋಟೋ ತೆಗೆಸಿ. ಆ ಮರೂನ್ ಸೀರೆಯದೂ ಹಾಗೇ ಒಂದು ತೆಗೆಸಿ. ಎರಡನ್ನೂ ಅತ್ತೆಯವರಿಗೆ ತೋರಿಸಬಹುದು. ಕಡು ಮರೂನ್ ಕೂಡ ಫೋಟೋದಲ್ಲಿ ಎಷ್ಟೋ ಸಲ ಕಪ್ಪಾಗಿ ಬರುತ್ತದೆ.

ಬಿಳಿಗೆ ಕೆಂಪಂಚು ಅಂದಾಗ ಒಂದು ಎಚ್ಚರಿಕೆ ಬೇಕು. ಧಾರೆ ಎರೆಯುವಾಗ ನೀರೋ ಹಾಲೋ ಕೈ ಮೇಲಿಂದ ಹರಿಯುತ್ತದೆ. ಎಷ್ಟು ಜೋಪಾನ ಮಾಡಿದರೂ ಮಡಿಲು ಒದ್ದೆಯಾಗುತ್ತದೆ. ಕೆಂಪು ಬಣ್ಣ ಬಿಡುವ ನೂಲಾದರೆ ಆ ಹೊತ್ತಲ್ಲೇ ಬಿಳಿ ಒಡಲಿಗೆ ಹತ್ತುತ್ತದೆ. ಅಂಗಡಿಯಲ್ಲೇ ಒಂದು ಬಿಳಿ ಕರ್ಚೀಫನ್ನು ಒದ್ದೆ ಮಾಡಿ, ಕೆಂಪು ಅಂಚಿನ ಒಳಮಗ್ಗುಲಿಗೆ ಒತ್ತಿ ನೋಡಲು ಕೇಳಿ. ಕರ್ಚೀಫ್ ಕೆಂಪಾದರೆ ಸೀರೆ ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿರಲಿ. ಮದುವೆಯ ದಿನ ಮಡಿಲ ಮೇಲೆ ಹಾಕಲು ದಪ್ಪ ಟವೆಲ್ ಒಂದನ್ನು ಚಿಕ್ಕಮ್ಮನ ಕೈಗೆ ಮೊದಲೇ ಕೊಟ್ಟಿರಿ. ಅರಿಶಿನದ ಅಕ್ಷತೆಯೂ ಕಲೆ ಮಾಡುತ್ತದೆ. ಬಿದ್ದರೆ ಉಜ್ಜಬೇಡಿ, ಒಣಗಿದ ಮೇಲೆ ಕೊಡವಿ, ಆಮೇಲೆ ಡ್ರೈ ಕ್ಲೀನಿಂಗ್‌ಗೆ ಕೊಡಿ.

ರೇಷ್ಮೆ ನಿಜವೋ ಸುಳ್ಳೋ ಅಂತ ಕೇಳಿದ್ದೀರಿ. ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ನೂಲು ರೇಷ್ಮೆಯದಾ? ಜರಿ ಬೆಳ್ಳಿಯದಾ? ಕೈಮಗ್ಗದ್ದಾ? ಅಂಗಡಿಯಲ್ಲಿ ‘ಪ್ಯೂರ್’ ಅನ್ನುವ ಒಂದೇ ಮಾತಿನಲ್ಲಿ ಮೂರನ್ನೂ ಸೇರಿಸಿಬಿಡುತ್ತಾರೆ. ನೀವು ಬಿಡಿಸಿ ಕೇಳಬೇಕು.

ನೂಲಿನ ವಿಷಯಕ್ಕೆ ಸಿಲ್ಕ್ ಮಾರ್ಕ್ ಇದೆ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ್ದು. ಮಂಡಳಿಯ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಸೀರೆಗೆ ಕಟ್ಟಿದ ಲೇಬಲ್ ಮೇಲೆ ಹೊಲೊಗ್ರಾಮ್ ಮತ್ತು ಅದರದೇ ಆದ ಒಂದು ನಂಬರ್ ಇರುತ್ತದೆ. ಲೇಬಲ್ ಆ ಸೀರೆಗೇ ಕಟ್ಟಿರಬೇಕು. ಬಿಲ್ ಮಾಡುವಾಗ ಡ್ರಾಯರ್‌ನಿಂದ ತೆಗೆದು ಕೊಟ್ಟರೆ ಒಪ್ಪಬೇಡಿ. ಆದರೆ ಒಂದು ಮಾತು ತುಂಬ ಜನಕ್ಕೆ ಗೊತ್ತಿಲ್ಲ. ಸಿಲ್ಕ್ ಮಾರ್ಕ್ ಹೇಳುವುದು ರೇಷ್ಮೆ ಅಪ್ಪಟ ಅಂತ ಮಾತ್ರ. ಜರಿ ಎಂಥದ್ದು ಅಂತ ಅದು ಹೇಳುವುದಿಲ್ಲ. ಕೈಮಗ್ಗವೋ ವಿದ್ಯುತ್ ಮಗ್ಗವೋ ಅಂತಲೂ ಹೇಳುವುದಿಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಅಂತ ಬೇರೆ ಗುರುತಿದೆ, 2006ರಿಂದ.

ಲೇಬಲ್ ಇಲ್ಲದ ಕಡೆ ಹಳೇ ಪರೀಕ್ಷೆಯೇ ಗತಿ. ಸೀರೆಯ ತುದಿಯಲ್ಲಿ ಬಿಟ್ಟಿರುವ ಎಳೆಗಳಲ್ಲಿ ಹಾಸಿನದೊಂದು (ಉದ್ದದ ಎಳೆ), ಹೊಕ್ಕಿನದೊಂದು (ಅಡ್ಡದ ಎಳೆ) ಕೇಳಿ ತೆಗೆದು ಸುಟ್ಟು ನೋಡಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕಾಗದ ಸುಟ್ಟ ವಾಸನೆ ಬಂದರೆ ರೇಯಾನ್. ಎರಡೂ ಎಳೆ ಯಾಕೆ ಅಂದರೆ, ಉದ್ದಕ್ಕೆ ಒಂದು ನೂಲು, ಅಡ್ಡಕ್ಕೆ ಇನ್ನೊಂದು ನೂಲು ಹಾಕಿ ನೇಯ್ದ ಸೀರೆಗಳೂ ಬರುತ್ತವೆ. ‘ಆರ್ಟ್ ಸಿಲ್ಕ್’, ‘ಸೆಮಿ ಸಿಲ್ಕ್’ ಅಂತ ಬರೆದಿದ್ದರೆ ಅಪ್ಪಟ ರೇಷ್ಮೆ ಅಲ್ಲ ಅಂತಲೇ ತಿಳಿಯಿರಿ. ‘ಸಾಫ್ಟ್ ಸಿಲ್ಕ್’ ಅಂದಾಗ ಎರಡೂ ಇರಬಹುದು, ಕೇಳಬೇಕು. ಉಂಗುರದೊಳಗೆ ಸೀರೆ ತೂರಿಸಿ ತೋರಿಸುತ್ತಾರಲ್ಲ, ಅದನ್ನು ನಂಬಬೇಡಿ. ತೆಳ್ಳಗಿರುವ ಯಾವ ಬಟ್ಟೆಯೂ ಉಂಗುರದಲ್ಲಿ ತೂರುತ್ತದೆ.

ಜರಿಯಲ್ಲೇ ಜಾಸ್ತಿ ಮೋಸ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತೆಳು ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ನಮ್ಮ ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಇರುತ್ತದೆ. ಚಿನ್ನದ ಪಾಲು ಇಷ್ಟೇ ಸಾಕಾ ಅಂತ ಗಾಬರಿಯಾಗಬೇಡಿ, ಚಿನ್ನ ಬರೀ ಮೇಲಿನ ಲೇಪ. ಹಾಫ್ ಫೈನ್, ಟೆಸ್ಟೆಡ್ ಅಂತ ಅಂಗಡಿಯವರು ಕರೆಯುವ ಜರಿಯಲ್ಲಿ ಒಳಗೆ ಇರುವುದು ತಾಮ್ರ, ಮೇಲೆ ಲೇಪ. ಅದಕ್ಕೂ ಕೆಳಗಿನದು ಪ್ಲಾಸ್ಟಿಕ್ ಜರಿ, ಸುಟ್ಟರೆ ಮುದುಡಿ ಕರಗುತ್ತದೆ. ಬಿಡಿ ಎಳೆಯೊಂದನ್ನು ಉಗುರಲ್ಲಿ ಕೆರೆದು ನೋಡಿ. ಕೆಂಪು ರೇಷ್ಮೆ ನೂಲು ಕಂಡರೆ ಒಳ್ಳೆ ಸೂಚನೆ, ತಾಮ್ರದ ಹೊಳಪು ಕಂಡರೆ ಬೆಳ್ಳಿ ಅಲ್ಲ. ಆದರೆ ಈಗ ಬೇರೆ ಜರಿಗೂ ಒಳಗೆ ಕೆಂಪು ನೂಲು ಇಡುತ್ತಾರೆ, ಹಾಗಾಗಿ ಇದೊಂದೇ ಸಾಲದು. ಚಿನ್ನ ಪರೀಕ್ಷೆ ಮಾಡುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಜರಿಯನ್ನೂ ನೋಡಬಹುದು. ಕೆಲವು ದೊಡ್ಡ ಸೀರೆ ಅಂಗಡಿಗಳು ಅದನ್ನು ಇಟ್ಟುಕೊಂಡಿವೆ, ಕೇಳಿ.

ಹಾಫ್ ಫೈನ್ ಜರಿಯ ಸೀರೆ ತೆಗೆಯುವುದು ತಪ್ಪಲ್ಲ. ನನ್ನ ಸ್ವಂತ ಸೀರೆಗಳಲ್ಲೂ ಇವೆ, ಹಗುರ, ನೋಡಲು ಚೆಂದ. ಅಸಲಿ ಜರಿಯ ಬೆಲೆ ತೆಗೆದುಕೊಂಡು ಅದನ್ನು ಕೊಡುವುದು ತಪ್ಪು. ಈಗಿನ ಬೆಳ್ಳಿ ಬೆಲೆಗೆ 42,000ಕ್ಕೆ ಅಷ್ಟು ಅಗಲದ ಅಂಚು ಪೂರ್ತಿ ಅಸಲಿ ಜರಿಯಲ್ಲಿ ಬಂದಿರುವುದು ನನಗೆ ಅನುಮಾನ. ಸುಮ್ನೆ ಹೀಗೆ ಕೇಳಿ: “ಇದು ಯಾವ ಜರಿ, ಬಿಲ್‌ನಲ್ಲಿ ಬರೆದುಕೊಡ್ತೀರಾ?” ಉತ್ತರ ಎಷ್ಟು ಬೇಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಗೊತ್ತಾಗುತ್ತದೆ. ನಿಮ್ಮ ದುಡ್ಡಿಗೆ ಸಣ್ಣ ಅಂಚಿನ, ಅಸಲಿ ಜರಿಯ ಸೀರೆ ಹುಡುಕುವುದು ಒಳ್ಳೆಯದು. ಹಗುರವೂ ಆಯಿತು, ಬಾಳಿಕೆಯೂ ಬಂತು.

‘ಕಂಚಿ’ ಅನ್ನುವ ಹೆಸರಿನ ವಿಷಯದಲ್ಲೂ ಹುಷಾರಾಗಿರಿ. ಕಾಂಚೀಪುರದ ರೇಷ್ಮೆಗೆ ಭೌಗೋಳಿಕ ಗುರುತು (ಜಿಐ) ಇದೆ, ಅಂದರೆ ಆ ಕಡೆ ನೇಯ್ದದ್ದಕ್ಕೆ ಮಾತ್ರ ಆ ಹೆಸರು. ಹಾಗೇ ಮೈಸೂರು ರೇಷ್ಮೆಗೆ, ಇಳಕಲ್ಲಿಗೆ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿಗೆ ಕೂಡ. ಆದರೆ ಅಂಗಡಿಯಲ್ಲಿ ಕಂಚಿ ಅಂತ ಕರೆಯುವ ಸೀರೆ ಧರ್ಮಾವರಂನಲ್ಲೋ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದಲ್ಲೋ ನೇಯ್ದದ್ದಾಗಿರಬಹುದು. ಆ ಊರಿನ ನೇಕಾರರ ಕೆಲಸ ಕಡಿಮೆ ಅಂತ ಅಲ್ಲ. ನೂಲು ಹೇಗೂ ಬಹುಪಾಲು ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯದೇ. ಬೆಲೆ ಮಾತ್ರ ಬೇರೆ ಇರಬೇಕು. ಕೈಮಗ್ಗದ ಕಂಚಿ ಸೀರೆಯಲ್ಲಿ ಅಂಚು ಮತ್ತು ಒಡಲನ್ನು ಮೂರು ಲಾಳಿ (ಅಡ್ಡ ಎಳೆಯನ್ನು ಓಡಿಸುವ ಸಾಧನ) ಹಾಕಿ ನೇಯ್ದು ಒಂದಕ್ಕೊಂದು ಕೂಡಿಸುತ್ತಾರೆ. ಒಬ್ಬರು ನೇಯುವಾಗ ಪಕ್ಕದಲ್ಲಿ ಇನ್ನೊಬ್ಬರು ಕೂತು ಲಾಳಿ ಕೊಡಬೇಕು. ಅದಕ್ಕೆ ಕೋರ್ವೈ ಅನ್ನುತ್ತಾರೆ. ಸೀರೆ ತಿರುಗಿಸಿ, ಅಂಚು ಒಡಲಿಗೆ ಸೇರುವ ಕಡೆ ಬೆರಳಾಡಿಸಿ ನೋಡಿ. ಎರಡು ಬಣ್ಣದ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುವುದು ಕೈಗೇ ತಿಳಿಯುತ್ತದೆ. ನಿಮಗೆ ಬೇಕಾದ ಬಿಳಿ ಒಡಲು ಕೆಂಪಂಚಿನ ಸೀರೆ ಬಣ್ಣ ಒಂದಕ್ಕೊಂದು ಬೆರೆಯದೆ ಅಷ್ಟು ಚೊಕ್ಕವಾಗಿ ಬರುವುದು ಈ ಕೆಲಸದಿಂದ. ಮೊಳಕಾಲ್ಮೂರಿನಲ್ಲೂ ಗೋಪುರದಂಚಿನ ಒಳ್ಳೆ ಸೀರೆಗಳಿವೆ, ಅವನ್ನೂ ತೋರಿಸಲು ಕೇಳಿ.

ಹಾಗಾದರೆ ಅತ್ತೆಯವರಿಗೆ ಏನು ಹೇಳುವುದು? ಇದಕ್ಕೇ ನಿಮಗೆ ನಿದ್ದೆ ಬರುತ್ತಿಲ್ಲ ಅಂತ ನನಗೆ ಗೊತ್ತು. ಬೇರೆಯವರ ಬಾಯಲ್ಲಿ ಹೇಳಿಸಬೇಡಿ. ಹುಡುಗನ ಕೈಲಿ ಹೇಳಿಸಿದರೆ ಮದುವೆಗೆ ಮುಂಚೆಯೇ ಮಗನನ್ನು ಮುಂದೆ ಬಿಟ್ಟಳು ಅಂತ ಅನ್ನಿಸಬಹುದು. ಅಮ್ಮನ ಕೈಲಿ ಹೇಳಿಸಿದರೆ ಬೀಗರ ನಡುವಿನ ಮಾತಾಗುತ್ತದೆ. ನೀವೇ ಫೋನ್ ಮಾಡಿ. ಸೀರೆ ಚೆನ್ನಾಗಿಲ್ಲ ಅನ್ನಬೇಡಿ, ಅದು ಅವರ ಆಯ್ಕೆ. “ಅತ್ತೆ, ಆ ಸೀರೆ ಉಟ್ಟು ಕೂತು ನೋಡಿದೆ. ತುಂಬ ಭಾರ ಇದೆ, ಧಾರೆ ಹೊತ್ತಿಗೆ ನನಗೆ ಏಳೋಕೆ ಆಗ್ತಿಲ್ಲ. ಧಾರೆಗೆ ಅಮ್ಮನ ಕಡೆ ಪದ್ಧತಿಯಂತೆ ಕೆಂಪಂಚಿನದು ಉಡ್ತೀನಿ. ಅದೇ ಮರೂನ್ ಬಣ್ಣದಲ್ಲಿ ಹಗುರದ್ದು ಒಂದು ನೀವೇ ಬಂದು ಆರಿಸಿ ಕೊಡಿ, ಬೀಗರೂಟಕ್ಕೆ ಅದನ್ನೇ ಉಡ್ತೀನಿ.” ಇದರಲ್ಲಿ ಒಂದೂ ಸುಳ್ಳಿಲ್ಲ. ಅವರಿಗೆ ಇಷ್ಟವಾದದ್ದು ಆ ಬಣ್ಣ, ನಿಮ್ಮ ಮೈಮೇಲೆ ಅದನ್ನು ನೋಡುವ ಆಸೆ. ಆ ಆಸೆ ಬೀಗರೂಟದ ದಿನ ತೀರಲಿ. ಹಗುರ ಬೇಕು ಅಂದರೆ ಮೈಸೂರು ರೇಷ್ಮೆಯ ಕ್ರೇಪ್ ಸೀರೆ ನೋಡಿ, ಆ ಬಣ್ಣದಲ್ಲಿ ಅದು ತುಂಬ ಚೆನ್ನಾಗಿ ಬೀಳುತ್ತದೆ. ಕೆಎಸ್‌ಐಸಿ ಮಳಿಗೆಗಳ ಮುಂದೆ ಈಚೆಗೆ ಬೆಳಗಿನ ಜಾವವೇ ಸಾಲು ನಿಲ್ಲುತ್ತಾರೆ, ಹಾಗಾಗಿ ಅದನ್ನೇ ನೆಚ್ಚಿಕೊಂಡು ಕೊನೆಯ ವಾರದವರೆಗೆ ಕಾಯಬೇಡಿ.

ಮುಂಗಡದ 5,000ವನ್ನು ವಾಪಸ್ ಕೇಳುವ ಬದಲು ಅದೇ ಅಂಗಡಿಯಲ್ಲಿ ಬೇರೆ ಸೀರೆಗೆ ಹಿಡಿಯಲು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಇಷ್ಟವಾಗಲಿಲ್ಲ ಅನ್ನುವ ಕಾರಣಕ್ಕೆ ಕೊಂಡ ಸೀರೆಯನ್ನು ಹಿಂದಿರುಗಿಸುವ ಹಕ್ಕು ಕಾನೂನಿನಲ್ಲಿ ಇಲ್ಲ. ಆದರೆ ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ಬಿಲ್‌ನಲ್ಲಿ ಗಡುವು ಬರೆದಿಲ್ಲದಿದ್ದರೆ 30 ದಿನ ನಿಮ್ಮದು. ಬಿಲ್ ಮೇಲೆ ರೇಷ್ಮೆ, ಜರಿ ಎರಡನ್ನೂ ಬರೆಸಿದ್ದರೆ ಆಗ ಮಾತಾಡಲು ಆಧಾರ ಇರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಬ್ಲೌಸಿಗೆ ತಡ ಮಾಡಬೇಡಿ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಟೈಲರ್‌ಗಳಿಗೆ ಬಿಡುವಿರುತ್ತದೆ. ಸಂಕ್ರಾಂತಿ ಕಳೆದರೆ ಅವರ ಮುಖ ನೋಡುವುದೂ ಕಷ್ಟ. ಆರಿ ವರ್ಕ್ ಮಾಡಿಸುವುದಾದರೆ ಒಂದು ತಿಂಗಳು ಹಿಡಿಯುತ್ತದೆ. ಬ್ಲೌಸ್ ಪೀಸ್ ಕತ್ತರಿಸುವ ಮುನ್ನ ಸೀರೆಯನ್ನು ಇನ್ನೊಮ್ಮೆ ಉಟ್ಟು, ಸೆರಗಿನ ಉದ್ದ ಸಾಲುತ್ತದಾ ನೋಡಿ. ಕತ್ತರಿಸಿದ ಮೇಲೆ ಯಾವ ಅಂಗಡಿಯವರೂ ಬದಲಾಯಿಸಿ ಕೊಡುವುದಿಲ್ಲ. ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸಿ ಆಮೇಲೆ ಹೊಲಿಯಲು ಹೇಳಿ, ಒಳಗೆ ಒಂದು ಇಂಚಾದರೂ ಬಟ್ಟೆ ಬಿಡಿಸಿ. ಕಂಕುಳ ಹತ್ತಿರ ಬಿಗಿ ಇದ್ದರೆ ಹಾರ ಹಾಕಲು ಕೈ ಏಳುವುದಿಲ್ಲ.

ಕೊನೆಗೆ, ನೀವು ಒಂದು ಸಾಲಲ್ಲಿ ಬರೆದು ಬಿಟ್ಟ ಮಾತು. ಅಮ್ಮನ ಸೀರೆ.

ನಿಮ್ಮ ಪತ್ರದಲ್ಲಿ ಆಸೆ ಅನ್ನುವ ಪದ ಬಂದಿರುವುದು ಅಲ್ಲಿ ಮಾತ್ರ. ಅದಕ್ಕೇ ಹೇಳುತ್ತೇನೆ, ಅಂಗಡಿಗೆ ಹೋಗುವ ಮೊದಲೇ ಅದನ್ನು ಬೀರುವಿನಿಂದ ತೆಗೆಯಿರಿ. ಬೆಳಗಿನ ಹೊತ್ತು ಕಿಟಕಿ ಪಕ್ಕ ನಿಂತು, ಅಮ್ಮ ಒಂದು ತುದಿ, ನೀವು ಒಂದು ತುದಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ರೇಷ್ಮೆ ಮೊದಲು ಸೀಳುವುದು ಮಡಿಕೆಯ ಗೆರೆಯಲ್ಲಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದರೆ ಆ ಗೆರೆಯುದ್ದಕ್ಕೂ ಸೂಜಿಮೊನೆಯಷ್ಟು ಬೆಳಕು ಕಾಣುತ್ತದೆ. ಅಲ್ಲಿ ಮೆಲ್ಲಗೆ ಎಳೆದು ನೋಡಿ. ಚರ್ರ್ ಅಂತ ಸದ್ದು ಬಂದರೆ ಆ ಸೀರೆ ಐದು ಗಂಟೆ ಏಳುವುದು ಕೂರುವುದು ತಡೆಯುವುದಿಲ್ಲ. ಸದ್ದಿಲ್ಲದೆ ಗಟ್ಟಿಯಾಗಿ ನಿಂತರೆ, ತಂಗಿ, ನಿಮ್ಮ ಧಾರೆ ಸೀರೆ ನಿಮ್ಮ ಮನೆಯಲ್ಲೇ ಇದೆ. ಆ ಕಾಲದ ಧಾರೆ ಸೀರೆಗಳಲ್ಲಿ ಅಸಲಿ ಜರಿ ಇರುವುದು ಸಾಮಾನ್ಯ. ಬೀದಿಯಲ್ಲಿ ಹಳೇ ರೇಷ್ಮೆ ಸೀರೆ ಕೊಳ್ಳುತ್ತೇವೆ ಅಂತ ಕೂಗುತ್ತಾ ಬರುವವರು ಬೆಳ್ಳಿಗಾಗಿಯೇ ಬರುವುದು. ಡ್ರೈ ಕ್ಲೀನ್ ಮಾಡಿಸಿ, ರೋಲ್ ಪ್ರೆಸ್‌ಗೆ ಕೊಡಿ. ಹಳೇ ಫಾಲ್ ಬಿಚ್ಚಿಸಿ ಹೊಸದು ಹಾಕಿಸಿ. ಸಾಧಾರಣ ಕುಚ್ಚು ಕಟ್ಟಿಸಿ. ಕೆಂಪು ಬಟ್ಟೆಯಲ್ಲಿ ಹೊಸ ಬ್ಲೌಸ್ ಹೊಲಿಸಿ. ಮಂಟಪದಲ್ಲಿ ಅದು ಹಳೇ ಸೀರೆ ಅಂತ ಯಾರಿಗೂ ಕಾಣುವುದಿಲ್ಲ, ಕೇಳಿದವರಿಗೆ ಅಮ್ಮನದು ಅಂತ ಹೇಳಿ. ಆ 42,000ದಲ್ಲಿ ಬೀಗರೂಟದ ಸೀರೆಯೂ ಆಗುತ್ತದೆ, ಇನ್ನೂ ಉಳಿಯುತ್ತದೆ.

ಒಡಲು ಸೀಳಿದ್ದು, ಅಂಚು ಗಟ್ಟಿಯಿದ್ದರೆ, ಅಂಚನ್ನು ಬಿಡಿಸಿ ಹೊಸ ಕೆನೆ ಬಣ್ಣದ ರೇಷ್ಮೆಗೆ ಹೊಲಿದು ಕೊಡುವವರಿದ್ದಾರೆ. ಅದೂ ಆಗದಿದ್ದರೆ ಅರ್ಧ ಗಂಟೆಯ ಗೌರಿ ಪೂಜೆಗೆ ಮಾತ್ರ ಅಮ್ಮನ ಸೀರೆ ಉಡಿ, ಆಮೇಲೆ ಹೊಸದು. ಅಷ್ಟು ಹೊತ್ತು ಅದು ಖಂಡಿತ ತಡೆಯುತ್ತದೆ.

ಉಡುವ ಮೊದಲು ಎಡ ಹೆಗಲ ಮೇಲೆ ಬರುವ ಜಾಗವನ್ನು ಹತ್ತಿರದಿಂದ ನೋಡಿ. 1995ರಲ್ಲಿ ಅಮ್ಮ ಪಿನ್ ಹಾಕಿದ್ದರೆ ಅಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಅದೇ ತೂತಿಗೆ ಮತ್ತೆ ಪಿನ್ ಹಾಕಿದರೆ ಸೀಳುತ್ತದೆ. ಉಡಿಸುವವರಿಗೆ ಮೊದಲೇ ತೋರಿಸಿ, ನಿಮ್ಮ ಪಿನ್ನನ್ನು ಒಂದು ಬೆರಳು ಪಕ್ಕಕ್ಕೆ ಹಾಕಿಸಿ.